ಟ್ರಾಮ್ ಕಂಪನಿಗೆ ಪಾರ್ಕ್ ಯಾಕೆ ಬೇಕಿತ್ತು?

ಹೋದ ಸಂಚಿಕೆಯಲ್ಲಿ ಶಿವಮೊಗ್ಗದ ಓದುಗರೊಬ್ಬರ ಪ್ರಶ್ನೆ ಹಾಕಿದ್ದೆ. ಉತ್ತರಕ್ಕೆ ಜಾಗ ಸಾಲದೆ ಈ ಸಲಕ್ಕೆ ಇಟ್ಟುಕೊಂಡೆ. ಅಷ್ಟರಲ್ಲಿ ಅದೇ ವಿಷಯದ ಮೇಲೆ ಇನ್ನೂ ಪತ್ರಗಳು ಬಂದವು. ಅದಕ್ಕೇ ಈ ಸಲ ಇಡೀ ಅಂಕಣ ಅದಕ್ಕೇ ಮೀಸಲು. ಮೊದಲು ಆ ಪ್ರಶ್ನೆಯನ್ನೇ ಇನ್ನೊಮ್ಮೆ ಹಾಕುತ್ತೇನೆ.

ಪ್ರಶ್ನೆ: ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ನಾವಿಬ್ಬರೂ ಹೋಗಿದ್ದಾಗ ಮೊಮ್ಮಗನನ್ನು ಕರೆದುಕೊಂಡು ಬ್ರೂಕ್ಲಿನ್ ಸೇತುವೆ ಹತ್ತಿರದ ಪಾರ್ಕಿಗೆ ಹೋದೆವು. ಅಲ್ಲಿ ನೀರಿನ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಂಥ ಕಟ್ಟಡದೊಳಗೆ ಮರದ ಕುದುರೆಗಳ ದೊಡ್ಡ ಮೆರ್ರಿ ಗೋ ರೌಂಡ್ ಇದೆ. ನಮ್ಮ ಯಜಮಾನರೂ ಹತ್ತಿ ಕೂತರು! ಇದು ಒಹಾಯೊ ರಾಜ್ಯದ ಯಂಗ್ಸ್‌ಟೌನ್ ಊರಿನ ಐಡೋರಾ ಪಾರ್ಕಿನದು, ಆ ಪಾರ್ಕನ್ನು ಶುರು ಮಾಡಿದ್ದು ಟ್ರಾಮ್ ಕಂಪನಿ ಅಂತ ಅಳಿಯ ಹೇಳಿದರು. ಟ್ರಾಮ್ ಓಡಿಸುವವರಿಗೆ ಪಾರ್ಕ್ ಯಾಕೆ ಬೇಕಿತ್ತು? ಅದು ಈಗಲೂ ಇದೆಯಾ?
— ಶಿವಮೊಗ್ಗದ ಓದುಗರು

ಉತ್ತರ: ಪಾರ್ಕ್ ಈಗಿಲ್ಲ. 1984ರಲ್ಲೇ ಮುಚ್ಚಿತು. ಆ ಕತೆಗೆ ಆಮೇಲೆ ಬರುತ್ತೇನೆ. ನಿಮ್ಮ ಮೊದಲ ಪ್ರಶ್ನೆ ತುಂಬ ಚೆನ್ನಾಗಿದೆ, ಅಲ್ಲಿಂದಲೇ ಶುರು ಮಾಡೋಣ.

1888ರಲ್ಲಿ ಫ್ರಾಂಕ್ ಸ್ಪ್ರೇಗ್ ಅನ್ನುವ ಎಂಜಿನಿಯರ್ ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ ಕರೆಂಟಿನ ಟ್ರಾಮ್‌ಗಳನ್ನು ಊರಗಲಕ್ಕೂ ಓಡಿಸಿ ತೋರಿಸಿದ. ಅಲ್ಲಿಯವರೆಗೆ ಕುದುರೆ ಎಳೆಯುವ ಟ್ರಾಮ್‌ಗಳೇ ಜಾಸ್ತಿ. ಅದಾಗಿ ಹತ್ತೇ ವರ್ಷದಲ್ಲಿ ಅಮೆರಿಕದ ಸಣ್ಣಪುಟ್ಟ ಊರುಗಳಲ್ಲೂ ತಂತಿ, ಹಳಿ ಎಲ್ಲ ಬಂತು. ಆದರೆ ಕಂಪನಿಗಳಿಗೆ ಒಂದು ತಲೆನೋವು ಇತ್ತು. ಸೋಮವಾರದಿಂದ ಶನಿವಾರದವರೆಗೆ ಕೆಲಸಕ್ಕೆ ಹೋಗಿಬರುವ ಜನ ಇರುತ್ತಾರೆ. ಭಾನುವಾರ ಯಾರು ಹತ್ತುತ್ತಾರೆ? ಹಳಿ ಇದೆ, ಗಾಡಿ ಇದೆ, ಡ್ರೈವರ್ ಇದ್ದಾನೆ, ಕರೆಂಟಿಗೆ ಎಷ್ಟೋ ಕಡೆ ತಿಂಗಳಿಗೆ ಇಷ್ಟು ಅಂತ ಒಂದೇ ಮೊತ್ತ ಕಟ್ಟುವ ಒಪ್ಪಂದ, ಗಾಡಿ ಓಡಿದರೂ ಅಷ್ಟೇ, ನಿಂತರೂ ಅಷ್ಟೇ. ಹಾಗಾದರೆ ಜನರಿಗೆ ಭಾನುವಾರ ಹೋಗುವುದಕ್ಕೆ ಒಂದು ಜಾಗ ನಾವೇ ಮಾಡಿಕೊಟ್ಟರೆ? ಹಳಿ ಮುಗಿಯುವ ಕಡೆ, ಊರಾಚೆ, ಜಮೀನು ಅಗ್ಗ. ಅಲ್ಲಿ ನಾಲ್ಕು ಮರದ ನೆರಳು, ಕೂರುವುದಕ್ಕೆ ಬೆಂಚು, ಬ್ಯಾಂಡ್ ಬಾರಿಸುವ ಮಂಟಪ. ಹೋಗುವಾಗ ಟಿಕೆಟ್, ಬರುವಾಗ ಟಿಕೆಟ್. ಇನ್ನೂ ಒಂದು ಅನುಕೂಲ ಇತ್ತು. ಕತ್ತಲಾದ ಮೇಲೆ ಉಳಿದ ಕರೆಂಟಿನಲ್ಲಿ ಸಾವಿರಾರು ಬಲ್ಬು ಹತ್ತಿಸಬಹುದಿತ್ತು. ಮನೆಯಲ್ಲಿ ಇನ್ನೂ ಸೀಮೆಎಣ್ಣೆ ದೀಪ ಇಟ್ಟುಕೊಂಡಿದ್ದ ಜನಕ್ಕೆ ಅದನ್ನು ನೋಡುವುದೇ ಒಂದು ಹಬ್ಬ. ನಮ್ಮಲ್ಲಿ ದಸರಾ ದೀಪ ನೋಡುವುದಕ್ಕೆ ಅಂತಲೇ ಮೈಸೂರಿಗೆ ಹೋಗುತ್ತೇವಲ್ಲ, ಆ ಸಂಭ್ರಮ ಅವರಿಗೆ ಭಾನುವಾರ ಭಾನುವಾರವೂ ಸಿಗುತ್ತಿತ್ತು.

ಯಂಗ್ಸ್‌ಟೌನ್ ಉಕ್ಕಿನ ಊರು. ಮಹೋನಿಂಗ್ ನದಿ ಉದ್ದಕ್ಕೂ ಕಾರ್ಖಾನೆಗಳು, ಹೊಗೆ. ನದಿಯ ದಕ್ಷಿಣಕ್ಕೆ ಎತ್ತರದ ಜಾಗ, ಅಲ್ಲಿ ಆಗ ಬರೀ ಹೊಲ, ತೋಟ. 1899ರಲ್ಲಿ ಮಾರ್ಕೆಟ್ ಸ್ಟ್ರೀಟ್ ಸೇತುವೆ ಆಯಿತು. ಅದೇ ವರ್ಷ ಪಾರ್ಕ್ ಅಂಡ್ ಫಾಲ್ಸ್ ಸ್ಟ್ರೀಟ್ ರೈಲ್ವೇ ಅನ್ನುವ ಕಂಪನಿ ಆ ಕಡೆಗೆ ಟ್ರಾಮ್ ಬಿಟ್ಟು, ಮೇ 30ರಂದು ಹಳಿಯ ತುದಿಯಲ್ಲಿ ಪಾರ್ಕ್ ತೆರೆಯಿತು. ಹೆಸರು ಟರ್ಮಿನಲ್ ಪಾರ್ಕ್. ಅಂದರೆ ಕೊನೇ ಸ್ಟಾಪ್ ಪಾರ್ಕ್, ಅಷ್ಟೇ! ಐಡೋರಾ ಅನ್ನುವ ಚೆಂದದ ಹೆಸರು ಆಮೇಲೆ ಬಂದದ್ದು. ಶುರುವಿನಲ್ಲಿ ಇದ್ದದ್ದು ಬ್ಯಾಂಡ್ ಮಂಟಪ, ನಾಟಕದ ಶೆಡ್ಡು, ಕುಣಿಯುವುದಕ್ಕೆ ಒಂದು ಹಾಲ್, ಒಂದು ಸಣ್ಣ ರೋಲರ್ ಕೋಸ್ಟರ್, ತಿಂಡಿ ಅಂಗಡಿಗಳು.

ಟ್ರಾಮ್ ಪ್ರಯಾಣವೇ ಅರ್ಧ ಮಜಾ ಅನ್ನುವುದನ್ನು ಮರೆಯಬೇಡಿ. ಬೇಸಿಗೆಯಲ್ಲಿ ಇಂಥ ಪಾರ್ಕುಗಳಿಗೆ ಪಕ್ಕಗಳೇ ಇಲ್ಲದ ಗಾಡಿ ಬಿಡುತ್ತಿದ್ದರು. ಅಡ್ಡಕ್ಕೆ ಉದ್ದುದ್ದ ಬೆಂಚು, ಹೊರಗೆ ಮೆಟ್ಟಿಲಿನಂಥ ಹಲಗೆ, ಕಂಡಕ್ಟರ್ ಆ ಹಲಗೆಯ ಮೇಲೇ ನಡೆದುಕೊಂಡು ಬಂದು ಕಾಸು ತೆಗೆದುಕೊಳ್ಳುತ್ತಿದ್ದ. ಫ್ಯಾನೂ ಇಲ್ಲದ ಕಾಲದಲ್ಲಿ, ವಾರವಿಡೀ ಕುಲುಮೆ ಮುಂದೆ ನಿಂತವನಿಗೆ, ಆ ಗಾಳಿ ಎಂಥದ್ದಾಗಿರಬಹುದು ಅಂತ ಯೋಚಿಸಿ.

ಪ್ರಶ್ನೆ: ನಾವು ಟ್ರಾಮ್ ಅಂತೀವಿ, ಅಮೆರಿಕದವರು ಟ್ರಾಲಿ ಅಂತಾರೆ. ಯಾಕೆ? ನಮ್ಮ ಕಡೆ ಇಂಥ ಪಾರ್ಕ್ ಯಾಕೆ ಹುಟ್ಟಲಿಲ್ಲ?
— ಹುಬ್ಬಳ್ಳಿಯ ಓದುಗರು

ಉತ್ತರ: ಗಾಡಿಯ ತಲೆ ಮೇಲಿಂದ ಒಂದು ಕೋಲು ಎದ್ದು ತಂತಿಗೆ ತಾಗುತ್ತದೆ. ಅದರ ತುದಿಯಲ್ಲಿ ತಂತಿಗೆ ಒತ್ತಿಕೊಂಡು ಉರುಳುವ ಪುಟ್ಟ ಗಾಲಿಯೇ ಟ್ರಾಲಿ. ಕೊನೆಗೆ ಇಡೀ ಗಾಡಿಗೇ ಆ ಹೆಸರು ಅಂಟಿಕೊಂಡಿತು.

ನಮ್ಮ ಕರ್ನಾಟಕದ ಊರುಗಳಲ್ಲಿ ಟ್ರಾಮ್ ಓಡಲೇ ಇಲ್ಲ. ನಮ್ಮವರು ಟ್ರಾಮ್ ಕಂಡದ್ದು ಮದ್ರಾಸಿನಲ್ಲಿ, ಬೊಂಬಾಯಿಯಲ್ಲಿ. ಮದ್ರಾಸಿನಲ್ಲಿ ಕರೆಂಟ್ ಟ್ರಾಮ್ 1895ರಲ್ಲೇ ಶುರುವಾಗಿ 1953ರವರೆಗೆ ಓಡಿತು. ಶಿವನಸಮುದ್ರದ ಕರೆಂಟು 1902ರಲ್ಲಿ ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬಂತು. ಗಣಿಗೆ ಬೇಕಿದ್ದ ಕರೆಂಟು ಅದು, ಭಾನುವಾರದ ತಿರುಗಾಟಕ್ಕೆ ಮಿಗುವಂಥದ್ದಲ್ಲ. ತೊಟ್ಟಿಲು, ಮರದ ಕುದುರೆ, ಮಿಠಾಯಿ ಅಂಗಡಿ ಎಲ್ಲವೂ ನಮಗೆ ಜಾತ್ರೆಯ ಜೊತೆ ಬರುತ್ತಿದ್ದವು. ಜಾತ್ರೆ ಮುಗಿದ ಮೇಲೆ ಬಿಚ್ಚಿ ಗಾಡಿಗೆ ಹೇರಿಕೊಂಡು ಮುಂದಿನ ಊರಿಗೆ. ಚಿಕ್ಕವನಿದ್ದಾಗ ನಾನು ಹತ್ತಿದ ಕುದುರೆಗಳನ್ನು ಇಬ್ಬರು ಹುಡುಗರು ಕೈಯಲ್ಲೇ ತಳ್ಳಿ ತಿರುಗಿಸುತ್ತಿದ್ದರು. ಜೋರು ಬಂದ ಮೇಲೆ ಅವರೂ ಹಾರಿ ಕೂತುಬಿಡುತ್ತಿದ್ದರು.

ಅಮೆರಿಕದಲ್ಲಿ ಟ್ರಾಲಿ ಕಾಲದ ಪಾರ್ಕುಗಳು ಒಂದು ಹೊತ್ತಿನಲ್ಲಿ ನೂರಾರು ಇದ್ದವು. ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಪಿಟ್ಸ್‌ಬರ್ಗ್ ಹತ್ತಿರದ ಕೆನ್ನಿವುಡ್ ಅವುಗಳಲ್ಲಿ ಒಂದು, ಇನ್ನೂ ಗಟ್ಟಿಯಾಗಿ ನಡೆಯುತ್ತಿದೆ. ಯಂಗ್ಸ್‌ಟೌನ್‌ನಿಂದ ಅಲ್ಲಿಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ.

ಪ್ರಶ್ನೆ: ನಾನು ಕೆಜಿಎಫ್‌ನವನು. ನಮ್ಮ ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ಗಣಿ ಹೋದ ಮೇಲೆ ಊರಿನ ಕ್ಲಬ್ಬು, ಆಟದ ಮೈದಾನ, ಸಿನಿಮಾ ಎಲ್ಲ ಹೇಗೆ ಮಂಕಾಯಿತು ಅಂತ ಕಣ್ಣಾರೆ ಕಂಡಿದ್ದೇನೆ. ಯಂಗ್ಸ್‌ಟೌನ್ ಅಂದ ಕೂಡಲೇ ಉಕ್ಕಿನ ಕಾರ್ಖಾನೆ ಮುಚ್ಚಿದ ಊರು ಅಂತ ನೆನಪಾಯಿತು. ಪಾರ್ಕ್ ಮುಚ್ಚಿದ್ದೂ ಅದಕ್ಕೇನಾ? ಬೆಂಕಿ ಬಿತ್ತು ಅಂತಲೂ ಎಲ್ಲೋ ಓದಿದೆ.
— ಕೆಜಿಎಫ್‌ನ ಓದುಗರು

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಬೆಂಕಿ ಬಿದ್ದದ್ದು ನಿಜ. ಆದರೆ ಪಾರ್ಕನ್ನು ಕೊಂದದ್ದು ಬೆಂಕಿಯೊಂದೇ ಅಲ್ಲ, ಅದು ಕೊನೇ ಪೆಟ್ಟು ಅಂತಲೇ ನನ್ನ ಅಭಿಪ್ರಾಯ. ಒಂದೊಂದಾಗಿ ಹೇಳುತ್ತೇನೆ.

ಮೊದಲು ಟ್ರಾಮ್ ಹೋಯಿತು. ಕಾರು, ಬಸ್ಸು ಬಂದ ಮೇಲೆ ದೇಶದ ತುಂಬ ಟ್ರಾಮ್ ಕಂಪನಿಗಳು ಸೊರಗಿದವು. ಟ್ರಾಮ್ ಇಲ್ಲದ ಮೇಲೆ ಪಾರ್ಕ್ ಯಾರಿಗೆ ಬೇಕು ಅಂತ ಎಷ್ಟೋ ಊರಲ್ಲಿ ಮಾರಿಬಿಟ್ಟರು, ಇಲ್ಲ ಹಾಗೇ ಬಿಟ್ಟರು. ಐಡೋರಾ ಮಾತ್ರ ಬೇರೆಯವರ ಕೈಗೆ ಹೋಗಿಯೂ ಗಟ್ಟಿಯಾಗಿ ನಿಂತಿತು. ಯಾಕೆಂದರೆ ಅಷ್ಟು ಹೊತ್ತಿಗೆ ಅದು ಟ್ರಾಮ್ ಕಂಪನಿಯದಲ್ಲ, ಊರಿನದು ಆಗಿಬಿಟ್ಟಿತ್ತು. 1910ರಲ್ಲಿ ಜ್ಯಾಕ್ ರ‍್ಯಾಬಿಟ್ ಅನ್ನುವ ರೋಲರ್ ಕೋಸ್ಟರ್ ಬಂತು, ದೊಡ್ಡ ಬಾಲ್‌ರೂಮ್ ಬಂತು. 1922ರಲ್ಲಿ ನಮ್ಮ ಕುದುರೆಗಳು ಬಂದವು. 1924ರಲ್ಲಿ ಈಜುಕೊಳ. 1930ರಲ್ಲಿ ವೈಲ್ಡ್‌ಕ್ಯಾಟ್ ಅನ್ನುವ ಮರದ ಕೋಸ್ಟರ್, ಇದನ್ನು ಹತ್ತುವುದಕ್ಕೆ ಅಂತಲೇ ದೂರದ ಊರುಗಳಿಂದ ಜನ ಬರುತ್ತಿದ್ದರು. ಉಕ್ಕಿನ ಕಾರ್ಖಾನೆಗಳು ತಮ್ಮ ಕಾರ್ಮಿಕರನ್ನು ಸಂಸಾರ ಸಮೇತ ಪಿಕ್‌ನಿಕ್ಕಿಗೆ ಕರೆತರುತ್ತಿದ್ದವು. ಸ್ಲೊವಾಕ್, ಪೋಲಿಷ್, ಹಂಗೇರಿ, ಇಟಲಿ ಕಡೆಯಿಂದ ಕೆಲಸಕ್ಕೆ ಬಂದು ನೆಲೆಸಿದವರು ತಮ್ಮ ತಮ್ಮ ಜನರ ದಿನ ಅಂತ ಇಟ್ಟುಕೊಂಡು ಇಲ್ಲಿ ಸೇರುತ್ತಿದ್ದರು. ಕೆಜಿಎಫ್‌ನಲ್ಲಿ ತಮಿಳು, ತೆಲುಗು, ಕನ್ನಡ, ಆಂಗ್ಲೋ ಇಂಡಿಯನ್ ಎಲ್ಲ ಒಂದೇ ಊರಲ್ಲಿ ಬದುಕಿದ್ದು ನಿಮಗೆ ಗೊತ್ತು, ನಾನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಬಂತು 1977ರ ಸೆಪ್ಟೆಂಬರ್ 19. ಸೋಮವಾರ. ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ತನ್ನ ಕ್ಯಾಂಪ್‌ಬೆಲ್ ಕಾರ್ಖಾನೆಯ ಬಹುಪಾಲು ಮುಚ್ಚುತ್ತೇವೆ ಅಂತ ಹೇಳಿತು. ಸುಮಾರು 5,000 ಜನರ ಕೆಲಸ ಹೋಯಿತು. ಅಲ್ಲಿಯವರು ಅದನ್ನು ಇವತ್ತಿಗೂ ಕರಾಳ ಸೋಮವಾರ ಅಂತಲೇ ಕರೆಯುತ್ತಾರೆ. ಅದರ ಹಿಂದೆಯೇ ಬೇರೆ ಕಾರ್ಖಾನೆಗಳೂ ಬಾಗಿಲು ಹಾಕಿದವು. 1930ರಲ್ಲಿ 1,70,000 ಜನರಿದ್ದ ಊರಲ್ಲಿ 2020ರಲ್ಲಿ ಇದ್ದವರು ಸುಮಾರು 60,000. ಕಾರ್ಖಾನೆಯೇ ಇಲ್ಲ ಅಂದರೆ ಕಾರ್ಖಾನೆ ಪಿಕ್‌ನಿಕ್ ಎಲ್ಲಿಂದ ಬರಬೇಕು? 1980ರ ದಶಕ ಶುರುವಾಗುವ ಹೊತ್ತಿಗೆ ಪಾರ್ಕ್ ಮಾರಾಟಕ್ಕಿತ್ತು, ಕೊಳ್ಳುವವರಿರಲಿಲ್ಲ.

1984ರ ಏಪ್ರಿಲ್ 26. ಬೇಸಿಗೆ ಸೀಸನ್ ಶುರುವಾಗುವುದಕ್ಕೆ ಕೆಲವೇ ದಿನ ಬಾಕಿ. ಲಾಸ್ಟ್ ರಿವರ್ ಅನ್ನುವ ನೀರಿನ ಆಟವನ್ನು ಸರಿಮಾಡುತ್ತಿದ್ದಾಗ ವೆಲ್ಡಿಂಗ್ ಕಿಡಿ ಹಾರಿತು. ಹಳೇ ಮರ, ಕೋಟು ಕೋಟು ಬಳಿದ ಪೇಂಟು. ಲಾಸ್ಟ್ ರಿವರ್ ಪೂರ್ತಿ ಹೋಯಿತು, ವೈಲ್ಡ್‌ಕ್ಯಾಟ್‌ನ ಒಂದು ಭಾಗ ಸುಟ್ಟಿತು, ಆಫೀಸು, ಅಂಗಡಿ ಸಾಲು ಬೂದಿಯಾಯಿತು. ಆದರೂ ಆ ವರ್ಷ ಪಾರ್ಕ್ ತೆರೆದರು! ವೈಲ್ಡ್‌ಕ್ಯಾಟ್ ಓಡುವ ಹಾಗಿಲ್ಲವಲ್ಲ, ಅದಕ್ಕೆ ಜ್ಯಾಕ್ ರ‍್ಯಾಬಿಟ್‌ನ ಗಾಡಿಗಳನ್ನು ತಿರುಗಿಸಿ ನಿಲ್ಲಿಸಿ ಹಿಂದುಹಿಂದಕ್ಕೆ ಓಡಿಸಿದರು, ಜನರಿಗೆ ಹೊಸದೇನಾದರೂ ಸಿಗಲಿ ಅಂತ. ಈ ಒಂದು ವಿಷಯ ನನಗೆ ತುಂಬ ತಟ್ಟುತ್ತದೆ. ಕೈಯಲ್ಲಿ ದುಡ್ಡಿಲ್ಲ, ಅರ್ಧ ಪಾರ್ಕ್ ಸುಟ್ಟಿದೆ, ಆದರೂ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವ ಮನಸ್ಸು. ಸೆಪ್ಟೆಂಬರ್‌ನಲ್ಲಿ, ಅಲ್ಲಿನ ಕಾರ್ಮಿಕ ದಿನದ ರಜೆ ಮುಗಿಯುವುದರೊಂದಿಗೆ, ಐಡೋರಾ ಶಾಶ್ವತವಾಗಿ ಮುಚ್ಚಿತು.

ಜಾಗವನ್ನು ಒಂದು ಚರ್ಚ್ ಕೊಂಡಿತು. ಎರಡೂ ಮರದ ಕೋಸ್ಟರ್‌ಗಳು ಗಿಡಗಂಟಿ ನಡುವೆ ಹದಿನೇಳು ವರ್ಷ ಹಾಗೇ ನಿಂತಿದ್ದವು. ಬಾಲ್‌ರೂಮ್ ಕೂಡ ಖಾಲಿ ನಿಂತಿತ್ತು. ಅದು ಸುಟ್ಟುಹೋದದ್ದು 2001ರ ಮಾರ್ಚ್ 5ರಂದು. ನಿಮ್ಮ ಗಣಿ ಮುಚ್ಚಿ ಒಂದು ವಾರವೂ ಆಗಿರಲಿಲ್ಲ. ಅದೇ ಜುಲೈನಲ್ಲಿ ಕೋಸ್ಟರ್‌ಗಳನ್ನೂ ಕೆಡವಿದರು.

ಪ್ರಶ್ನೆ: ಎಲ್ಲರೂ ಸೇರುತ್ತಿದ್ದರು ಅಂತ ಇಂಥ ಪಾರ್ಕುಗಳ ಬಗ್ಗೆ ಹೇಳುತ್ತಾರೆ. ನಿಜಕ್ಕೂ ಎಲ್ಲರೂನಾ? ಕರಿಯ ಜನರನ್ನೂ ಬಿಡುತ್ತಿದ್ದರಾ?
— ಕಲಬುರಗಿಯ ಓದುಗರು

ಉತ್ತರ: ಕೇಳಲೇಬೇಕಾದ ಪ್ರಶ್ನೆ. ಎಷ್ಟೋ ಪಾರ್ಕುಗಳಲ್ಲಿ ಬಿಡುತ್ತಿರಲಿಲ್ಲ. ಚೆನ್ನಾಗಿ ದಾಖಲಾಗಿರುವ ಒಂದು ಉದಾಹರಣೆ ಕೊಡುತ್ತೇನೆ. ವಾಷಿಂಗ್ಟನ್ ಪಕ್ಕದಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ, ಗ್ಲೆನ್ ಎಕೊ ಅಂತ ಪಾರ್ಕ್ ಇತ್ತು. ಅದೂ ಟ್ರಾಮ್ ಕಂಪನಿ ನಡೆಸಿದ್ದೇ. ಒಳಗೆ ಬಿಳಿಯರಿಗಷ್ಟೇ ಪ್ರವೇಶ.

1960ರ ಜೂನ್ 30ರಂದು ಹೊವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಳಗೆ ಹೋಗಿ ಮೆರ್ರಿ ಗೋ ರೌಂಡ್ ಕುದುರೆಗಳ ಮೇಲೆ ಕೂತರು. ಟಿಕೆಟ್ ಕೈಯಲ್ಲಿತ್ತು. ಕಾವಲುಗಾರ ಬಂದು, ನಿನ್ನದು ಯಾವ ಜನಾಂಗ ಅಂತ ಮಾರ್ವಸ್ ಸಾಂಡರ್ಸ್ ಅನ್ನುವ ಹುಡುಗನನ್ನು ಕೇಳಿದ. ನಾನು ಮನುಷ್ಯ ಜನಾಂಗದವನು ಅಂದ ಆ ಹುಡುಗ. ಕುದುರೆ ತಿರುಗಲಿಲ್ಲ. ಐವರನ್ನು ಬಂಧಿಸಿದರು. ಆ ಬೇಸಿಗೆ ಪೂರ್ತಿ ಗೇಟಿನ ಮುಂದೆ ಧರಣಿ ನಡೆಯಿತು, ಪಕ್ಕದ ಬಡಾವಣೆಯ ಬಿಳಿಯರೂ ಬಂದು ಜೊತೆಗೆ ನಿಂತರು. 1961ರಲ್ಲಿ ಪಾರ್ಕ್ ಎಲ್ಲರಿಗೂ ತೆರೆಯಿತು. ಆ ಐವರ ಶಿಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 1964ರಲ್ಲಿ ರದ್ದು ಮಾಡಿತು.

ಪಾರ್ಕ್ 1968ರಲ್ಲಿ ಮುಚ್ಚಿತು. ಆದರೆ ಜಾಗ ಈಗ ಸರ್ಕಾರದ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿದೆ, 1921ರ ಆ ಕುದುರೆಗಳೂ ಅಲ್ಲೇ ಇವೆ. ವಾಷಿಂಗ್ಟನ್ ಕಡೆ ಮಕ್ಕಳಿದ್ದು ಹೋಗುವವರು ಶ್ವೇತಭವನ ನೋಡಿದ ಮೇಲೆ ಒಂದು ಮಧ್ಯಾಹ್ನ ಇಲ್ಲಿಗೂ ಹೋಗಿ.

ಪ್ರಶ್ನೆ: ನಮ್ಮದು ಮರದ ಕೆತ್ತನೆಯ ಮನೆತನ. ಆ ಕುದುರೆಗಳನ್ನು ಯಾವ ಮರದಲ್ಲಿ, ಹೇಗೆ ಮಾಡಿದ್ದಾರೆ? ಅಷ್ಟು ಹಳೇ ಬಣ್ಣ ಇನ್ನೂ ಹೇಗೆ ಹಾಗೇ ಇದೆ? ಮತ್ತೆ, ಅವು ಯಂಗ್ಸ್‌ಟೌನ್‌ನಲ್ಲೇ ಇರಬೇಕಿತ್ತು ಅಲ್ವಾ?
— ಸಾಗರದ ಓದುಗರು

ಉತ್ತರ: ಕೊನೇ ಮಾತಿನಿಂದ ಶುರು ಮಾಡುತ್ತೇನೆ. ಇರಬೇಕಿತ್ತು. ಆದರೆ 1984ರ ಅಕ್ಟೋಬರ್‌ನಲ್ಲಿ ಪಾರ್ಕಿನ ಸಾಮಾನೆಲ್ಲ ಹರಾಜಿಗೆ ಬಂದಾಗ ಕುದುರೆಗಳು ಬಿಡಿಬಿಡಿಯಾಗಿ ಹೋಗುವ ಅಪಾಯ ಇತ್ತು. ಆ ಕಾಲದಲ್ಲಿ ಹಳೇ ಕುದುರೆಯನ್ನು ಕೊಂಡು ದಿವಾನಖಾನೆಯಲ್ಲಿ ನಿಲ್ಲಿಸುವ ಶೋಕಿ ಜೋರಾಗಿತ್ತು. ಹಾಗೆ ಒಡೆದುಹೋದ ಮೆರ್ರಿ ಗೋ ರೌಂಡ್‌ಗಳಿಗೆ ಲೆಕ್ಕವಿಲ್ಲ. ನ್ಯೂಯಾರ್ಕಿನ ಡೇವಿಡ್ ಮತ್ತು ಜೇನ್ ವಾಲೆಂಟಾಸ್ ದಂಪತಿ 3,85,000 ಡಾಲರ್ ಕೊಟ್ಟು ಇಡಿಯಾಗಿ ಕೊಂಡರು. 48 ಕುದುರೆ, ಎರಡು ರಥ, ಯಂತ್ರ ಸಮೇತ. ಊರು ಬಿಟ್ಟು ಹೋಯಿತು ಅನ್ನುವ ನೋವು ನನಗೂ ಇದೆ. ಆದರೆ 48 ಮನೆಗಳಿಗೆ ಹಂಚಿಹೋಗುವುದಕ್ಕಿಂತ ಇದು ಸಾವಿರ ಪಾಲು ಮೇಲು ಅಂತ ಗಟ್ಟಿಯಾಗಿ ಹೇಳುತ್ತೇನೆ.

ಬಣ್ಣ ಹಾಗೇ ಇರಲಿಲ್ಲ. ಅರುವತ್ತು ವರ್ಷದಲ್ಲಿ ಮೇಲಿಂದ ಮೇಲೆ ಬಳಿದು ಬಳಿದು, ಕೆತ್ತಿದ ಜೂಲಿನ ಎಳೆ, ಜೀನಿನ ಅಂಚು ಎಲ್ಲ ಮುಚ್ಚಿಹೋಗಿತ್ತು. ಜೇನ್ ಕಲೆಯ ಹಿನ್ನೆಲೆಯವರು. ಚಿಕ್ಕ ಬ್ಲೇಡು ಹಿಡಿದು ಪದರ ಪದರವಾಗಿ ಹೆರೆಯುತ್ತ ಕೂತರು. ಬಿಳಿ ಹೋಗಿ ಕಂದು, ಕಂದು ಹೋಗಿ ಇನ್ನೊಂದು, ಕೆಳಗೆ 1922ರ ಮೊದಲ ಬಣ್ಣ ಸಿಗುವವರೆಗೆ. ಸಿಕ್ಕಿದ್ದನ್ನು ಬರೆದಿಟ್ಟುಕೊಂಡು ಅದರ ಪ್ರಕಾರವೇ ಮತ್ತೆ ಬಣ್ಣ ಹಾಕಿಸಿದರು. ಈ ಕೆಲಸಕ್ಕೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್ ನುವೆಲ್ ರೂಪಿಸಿದ ಆ ಪಾರದರ್ಶಕ ಕಟ್ಟಡದಲ್ಲಿ ಅವು ಮತ್ತೆ ತಿರುಗಿದ್ದು 2011ರ ಸೆಪ್ಟೆಂಬರ್‌ನಲ್ಲಿ. ಮುಂದಿನ ವರ್ಷವೇ ಸ್ಯಾಂಡಿ ಚಂಡಮಾರುತ ಬಂದು ಸುತ್ತ ನೀರು ನಿಂತಿತು. ಕತ್ತಲ ನೀರಿನ ನಡುವೆ ದೀಪ ಉರಿಯುತ್ತಿದ್ದ ಆ ಕಟ್ಟಡದ ಫೋಟೊ ಲೋಕವೆಲ್ಲ ಸುತ್ತಿತು. ಜೇನ್ 2020ರಲ್ಲಿ ತೀರಿಕೊಂಡರು. ಅದನ್ನು ಈಗಲೂ ಜೇನ್ಸ್ ಕ್ಯಾರಸೆಲ್ ಅಂತಲೇ ಕರೆಯುತ್ತಾರೆ.

ಇನ್ನು ನಿಮ್ಮ ಕಸುಬಿನ ಮಾತು. ಮಾಡಿದ್ದು ಫಿಲಡೆಲ್ಫಿಯಾ ಟೊಬಾಗನ್ ಕಂಪನಿ, ಅವರ 61ನೇ ನಂಬರಿನದು ಇದು. ಅಮೆರಿಕದ ಇಂಥ ಕುದುರೆಗಳಿಗೆ ಸಾಮಾನ್ಯವಾಗಿ ಬಾಸ್‌ವುಡ್ ಅನ್ನುವ ಮೆತ್ತನೆಯ, ಹಗುರ ಮರ ಬಳಸುತ್ತಿದ್ದರು. ಒಂದೇ ದಿಮ್ಮಿಯಲ್ಲಿ ಕೆತ್ತುತ್ತಿರಲಿಲ್ಲ. ಹಲಗೆಗಳನ್ನು ಅಂಟಿಸಿ ಹೊಟ್ಟೆ ಭಾಗವನ್ನು ಪೆಟ್ಟಿಗೆ ಥರ ಪೊಳ್ಳಾಗಿ ಮಾಡಿ, ತಲೆ, ಕತ್ತು, ಕಾಲುಗಳನ್ನು ಬೇರೆ ಬೇರೆ ಕೆತ್ತಿ, ಮರದ ಗೂಟ ಹೊಡೆದು ಅಂಟು ಹಾಕಿ ಕೂಡಿಸುತ್ತಿದ್ದರು. ಪೊಳ್ಳಾಗಿದ್ದರೆ ತೂಕ ಕಡಿಮೆ, ಮರ ಸೀಳುವುದೂ ಕಡಿಮೆ.

ಅಮೆರಿಕದ ಮೆರ್ರಿ ಗೋ ರೌಂಡ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಹಾಗಾಗಿ ಹೊರಗೆ ನಿಂತವರಿಗೆ ಕಾಣುವುದು ಕುದುರೆಯ ಬಲಗಡೆ. ಹೂವು, ಕಲ್ಲು, ಹಾರುವ ಜೂಲು, ಉಳಿಯ ಚಮತ್ಕಾರ ಎಲ್ಲ ಆ ಕಡೆಗೇ. ಎಡಗಡೆ ಸಾದಾ. ಇಂಗ್ಲೆಂಡಿನಲ್ಲಿ ಮುಳ್ಳಿನ ದಿಕ್ಕಿಗೇ ತಿರುಗುವುದರಿಂದ ಅಲ್ಲಿ ಇದು ತಿರುವುಮುರುವು. ಶಿವಮೊಗ್ಗದ ಓದುಗರು ಮತ್ತೆ ಮೊಮ್ಮಗನ ಜೊತೆ ಹೋದಾಗ ಹೊರಸಾಲಿನ ಒಂದು ಕುದುರೆ ಹತ್ತಿರ ನಿಂತು ಮೊದಲು ಬಲಗಡೆ ನೋಡಲಿ, ಆಮೇಲೆ ಬಗ್ಗಿ ಎಡಗಡೆ ನೋಡಲಿ. ಒಂದು ಫೋಟೊ ತೆಗೆದು ಕಳಿಸಿದರೆ ನಿಮಗೆ ತಲುಪಿಸುತ್ತೇನೆ.